ನಿಲ್ಲಲೊಂದು ನೆಪ

ಬೆಟ್ಟ ಹತ್ತಲು ಜೊತೆಗೊಬ್ಬರು ಯಾಕೆ ಬೇಕು ಎಂದರೆ ಧೈರ್ಯಕ್ಕೆ, ಸುರಕ್ಷತೆಗೆ, ಮಾತಿಗೆ ಅಂತೆಲ್ಲ ಹೇಳುತ್ತಾರೆ. ಅದೆಲ್ಲ ಮೇಲುಮಾತು. ಜೊತೆಗಾರರು ನಿಜಕ್ಕೂ ಬೇಕಾಗುವುದು ನಿಲ್ಲುವುದಕ್ಕೆ. "ಪಾಪ, ಹಿಂದೆ ಬಿದ್ದಿದ್ದಾನೆ, ಬರಲಿ ತಡಿ" ಎಂದು ಬಂಡೆಯ ಮೇಲೆ ಕೂತರೆ ನಮ್ಮ ಏದುಸಿರಿಗೂ ಪರೋಪಕಾರದ ಘನತೆ ಬರುತ್ತದೆ. ಒಬ್ಬನೇ ಹೊರಟವನಿಗೆ ಆ ಭಾಗ್ಯವಿಲ್ಲ. ಅವನು ನಿಂತರೆ ಸುಸ್ತಾಗಿ ನಿಂತ ಎಂದೇ ಲೆಕ್ಕ.

ಉತ್ತರ ಕ್ಯಾಲಿಫೋರ್ನಿಯಾದ ಲಾಸೆನ್ ಶಿಖರಕ್ಕೆ ಜೂನ್ ಕೊನೆಯಲ್ಲಿ ನಾನು ಹೊರಟದ್ದು ಹೀಗೆ ಒಬ್ಬನೇ. ಬೇ ಏರಿಯಾದ ಕನ್ನಡ ಗೆಳೆಯರೆಲ್ಲ "ಜೂನ್‌ನಲ್ಲೂ ಹಿಮವಾ? ನೀನೇ ಹೋಗಿ ಬಾ ಮಾರಾಯ" ಎಂದು ಧಾರಾಳವಾಗಿ ಹರಸಿದ್ದರು. ಶಿಖರದ ಎತ್ತರ 10,457 ಅಡಿ. ಕಾರು ನಿಲ್ಲಿಸುವ ಜಾಗವೇ ಸುಮಾರು 8,500 ಅಡಿಯಲ್ಲಿದೆ. ಅಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಎರಡು ಸಾವಿರ ಅಡಿಗೂ ಮೇಲೆ. ಕರ್ನಾಟಕದ ಅತಿ ಎತ್ತರದ ಬೆಟ್ಟವನ್ನು ಸೀಟ್ ಬೆಲ್ಟ್ ಬಿಚ್ಚದೆ ಮೀರಿಸಿದ ಹೆಮ್ಮೆ ಮೊದಲ ತಿರುವಿನವರೆಗೆ ನನ್ನ ಜೊತೆಗಿತ್ತು. ಉಳಿದದ್ದು ಎರಡೂವರೆ ಮೈಲಿ ದಾರಿ, ಎರಡು ಸಾವಿರ ಅಡಿ ಏರು, ಮತ್ತು ಊರಿನಲ್ಲಿ ಸಿಗುವಷ್ಟು ಧಾರಾಳವಾಗಿ ಸಿಗದ ಗಾಳಿ.

ಲೇಸು ಕಟ್ಟುವ ನೆಪ ಹೆಚ್ಚೆಂದರೆ ಎರಡು ಸಲ ನಡೆಯುತ್ತದೆ. ಶೂ ಇರುವುದೇ ಎರಡು. ಆಮೇಲೆ ಜ್ಞಾನಾರ್ಜನೆಯೇ ಗತಿ. ಹಿಮ ಅಲ್ಲಲ್ಲಿ ಕಲ್ಲಂಗಡಿ ಬಣ್ಣಕ್ಕೆ ತಿರುಗಿತ್ತು. ಬಗ್ಗಿ, ಮಂಡಿಯೂರಿ, ಆಳವಾಗಿ ಅಭ್ಯಾಸ ಮಾಡಿದೆ. ಬಿಸಿಲಿನ ಹೊಡೆತ ತಾಳಲು ಹಿಮದಲ್ಲಿ ಬದುಕುವ ಪಾಚಿ ಮೈಗೆ ತುಂಬಿಕೊಳ್ಳುವ ಕೆಂಪು ಅದು. ನನ್ನ ಮುಖವೂ ಅದೇ ಬಣ್ಣಕ್ಕೆ ಬಂದಿತ್ತು, ಕಾರಣ ಬೇರೆ.

ಮುಂದಿನ ನಿಲುಗಡೆಗೆ ಕೆಳಗಿನ ಹೆಲೆನ್ ಸರೋವರ ಒದಗಿಬಂತು. 1864ರಲ್ಲಿ ಈ ಶಿಖರ ಏರಿದ ಹೆಲೆನ್ ಟ್ಯಾನರ್ ಬ್ರಾಟ್ ಅವರ ಹೆಸರು ಅದಕ್ಕೆ. ಆ ಕಾಲದಲ್ಲಿ 8,500 ಅಡಿವರೆಗೆ ಕಾರು ಬರುತ್ತಿರಲಿಲ್ಲ ಎಂಬುದು ಹೊಳೆದದ್ದೇ ತಡ, ಎದ್ದು ನಡೆದೆ. ಎಲ್ಲ ಇತಿಹಾಸವೂ ವಿಶ್ರಾಂತಿಗೆ ಒಗ್ಗುವುದಿಲ್ಲ.

ಬೆಳಗ್ಗೆ ಶೂ ಕೆಳಗೆ ಕಟ್ಟಿದ್ದ ಮೈಕ್ರೋಸ್ಪೈಕ್ಸಿನ ಹಲ್ಲಿಗೂ ಗಟ್ಟಿಯಾಗಿದ್ದ ಹಿಮ ಹೊತ್ತೇರಿದಂತೆ ಸಡಿಲವಾಯಿತು. ಬಿಸಿಲು ತಿಂದ ಇಳಿಜಾರು ಪಡ್ಡಿನ ಹಂಚಿನ ಹಾಗೆ ಗುಳಿ ಗುಳಿ. ಕಪ್ಪು ಬಂಡೆಗಳು ಬಿಸಿಲು ಹೀರಿ ಕಾದು, ಸುತ್ತಲ ಹಿಮವನ್ನು ಒಳಗಿಂದೊಳಗೇ ಕರಗಿಸುತ್ತವೆ. ಮೇಲೆ ಮಾತ್ರ ಏನೂ ಆಗಿಲ್ಲವೆಂಬಂತೆ ತೆಳ್ಳನೆಯ ಹೊದಿಕೆ. ಅಂಥದ್ದೊಂದು ಬಂಡೆಯ ಪಕ್ಕ ಕಾಲಿಟ್ಟೆ. ಬಲಗಾಲು ತೊಡೆಯವರೆಗೆ ಇಳಿಯಿತು, ಎಡಗಾಲು ಮೇಲೆಯೇ ಮಡಿಚಿ ಕೂತಿತು. ಅಷ್ಟರಲ್ಲಿ ಹೆಗಲಿಗೆ ಸ್ಕೀ ಹಲಗೆ ಹೊತ್ತ ಅಜ್ಜಿಯೊಬ್ಬರು ಸರಾಗವಾಗಿ ಹತ್ತಿ ಬಂದು, "ಎಲ್ಲ ಸರಿಯಾ?" ಎಂದರು. "ಬಂಡೆ ನೋಡ್ತಿದ್ದೆ" ಎಂದೆ. ಸುಳ್ಳಲ್ಲ, ಮೂಗಿನ ಮುಂದೆ ಬೇರೇನೂ ಇರಲಿಲ್ಲ. "ಒಳ್ಳೆಯ ಬಂಡೆ" ಎಂದು ಒಪ್ಪಿ ಮುಂದೆ ಹೋದರು.

ತುದಿಯಲ್ಲಿ ನೆಪ ಬೇಕಿಲ್ಲ. ಅಲ್ಲಿ ಕೂರುವುದು ಹಕ್ಕು. ಉತ್ತರಕ್ಕೆ 14,000 ಅಡಿ ಮೀರಿದ ಶಾಸ್ತಾ ಪರ್ವತ ಬಿಳಿಯಾಗಿ ನಿಂತಿತ್ತು. ಅದನ್ನು ದೂರದಿಂದಲೇ ಮನಸಾರೆ ಮೆಚ್ಚಿದೆ. ತಂದಿದ್ದ ಚಪಾತಿ ರೋಲು ತಣ್ಣಗೆ ಚರ್ಮವಾಗಿತ್ತು. ಅದನ್ನೂ ಮೆಚ್ಚಿದೆ.

ಇಳಿಯುವಾಗ ಒಬ್ಬ ಯುವಕ ಎದುರಾದ. ಅವನೂ ಒಂಟಿ. ಬಾಗಿ ಮೊಣಕಾಲು ಹಿಡಿದು, ಎರಡನೇ ಶೂವಿನ ಲೇಸು ಕಟ್ಟುತ್ತಿದ್ದ. ಪರಿಸ್ಥಿತಿ ತಿಳಿಯಿತು. "ಇದು ಅಗ್ನಿಪರ್ವತ, ಗೊತ್ತಾ?" ಎಂದು ಶುರು ಮಾಡಿದೆ. 1914ರ ಮೇ ತಿಂಗಳಲ್ಲಿ ಉಗಿ ಕಾರಲು ತೊಡಗಿದ್ದು, ಲೂಮಿಸ್ ಎಂಬಾತ ಅದರ ಫೋಟೋ ತೆಗೆದದ್ದು, 1915ರ ಮೇ 22ರಂದು ಸಿಡಿದು ಬೂದಿ ಇನ್ನೂರು ಮೈಲಿ ದೂರ ಉದುರಿದ್ದು, ಬೆಟ್ಟ ಇನ್ನೂ ಗುಡುಗುತ್ತಿದ್ದಾಗಲೇ 1916ರಲ್ಲಿ ಸರ್ಕಾರ ಇದನ್ನು ರಾಷ್ಟ್ರೀಯ ಉದ್ಯಾನ ಮಾಡಿದ್ದು, ಎಲ್ಲವನ್ನೂ ಸಾವಕಾಶವಾಗಿ ಹೇಳಿದೆ. ಆತ ಬಂಡೆಯ ಮೇಲೆ ಕೂತು ಶ್ರದ್ಧೆಯಿಂದ ಕೇಳಿದ.

ಕಥೆ ಮುಗಿಸಿ ಹೊರಡಲು ಹೆಜ್ಜೆ ಎತ್ತಿದೆ. ಆತ ಒಮ್ಮೆ ಮೇಲಿನ ಏರನ್ನು ನೋಡಿ, ಬಾಟಲಿಯ ಮುಚ್ಚಳ ತೆಗೆಯುತ್ತ ಕೇಳಿದ: "1917ರಲ್ಲಿ ಏನಾಯಿತು?"