ಮನೆಯಳಿಯ ಕಳ್ಳಿ: ಒಂದು ಶಾಸ್ತ್ರೀಯ ವಿವೇಚನೆ

ನರ್ಸರಿಗಳಲ್ಲಿ ‘ಮೂನ್ ಕ್ಯಾಕ್ಟಸ್’ ಎಂಬ ಹೆಸರಿನಿಂದ ಮಾರಾಟವಾಗುವ ಕೆಂಪುಂಡೆಯು ಹೂವೋ, ಹಣ್ಣೋ, ಆಟದ ಸಾಮಾನೋ ಎಂಬ ವಿಷಯದಲ್ಲಿ ಗ್ರಾಹಕ ವಿದ್ವಾಂಸರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಪ್ರಸ್ತುತ ಪ್ರಬಂಧಕಾರನ ಸಿದ್ಧಾಂತವೇ ಬೇರೆ: ಅದು ಮನೆಯಳಿಯ.

ಪ್ರಮಾಣ ಬೇಕೆ? ಉಂಡೆಯಲ್ಲಿ ಪತ್ರಹರಿತ್ತು ಇಲ್ಲ. ಬಿಸಿಲು ಎಷ್ಟಿದ್ದರೂ ತನ್ನ ಅನ್ನ ತಾನು ಬೇಯಿಸಿಕೊಳ್ಳಲಾರದು. ಕೆಳಗಿರುವ ಮೂರು ಮೂಲೆಯ ಹಸಿರು ಕೋಲು, ಅರ್ಥಾತ್ ಡ್ರ್ಯಾಗನ್ ಫ್ರೂಟ್ ಜಾತಿಯ ಕಾಂಡ, ದುಡಿದು ಹಾಕುತ್ತದೆ. ಇದು ಕೂತು ತಿಂದು ಕೆಂಪಗಿರುತ್ತದೆ. ಬಂದ ನೆಂಟರೆಲ್ಲ ಹೊಗಳುವುದು ಅಳಿಯನನ್ನೇ. 1941ರಲ್ಲಿ ಜಪಾನಿನ ಎಯ್ಜಿ ವತನಾಬೆ ಎಂಬುವರು ಹೀಗೆ ಕೆಂಪಗೆ ಹುಟ್ಟಿದ ಸಸಿಗಳನ್ನು ಗುರುತಿಸಿ, ಬೇರೆ ಕಳ್ಳಿಯ ತಲೆಯ ಮೇಲೆ ಕೂರಿಸಿ ಉಳಿಸಿದರು. ಈಗ ದಕ್ಷಿಣ ಕೊರಿಯ ಇಂಥ ಅಳಿಯಂದಿರನ್ನು ದೇಶದೇಶಗಳಿಗೆ ರಫ್ತು ಮಾಡುತ್ತದೆ. ಕೆಲವು ಕುಂಡಗಳಲ್ಲಿ ಉಂಡೆಯ ನೆತ್ತಿಗೆ ಅಂಟಿರುವ ಒಣಹೂವು ಮೂಲಪಾಠದ್ದಲ್ಲ. ಗೋಂದಿನಿಂದ ಸೇರಿಕೊಂಡ ಪ್ರಕ್ಷಿಪ್ತ ಭಾಗ.

ಇನ್ನು ಗೋತ್ರ ವಿಚಾರ. ಮನುಷ್ಯರಲ್ಲಿ ಸಗೋತ್ರ ವಿವಾಹ ನಿಷಿದ್ಧ. ಕಳ್ಳಿಗಳಲ್ಲಿ ಸಗೋತ್ರವೇ ಕಡ್ಡಾಯ. ನಮ್ಮ ಬೇಲಿಯ ಚದುರಗಳ್ಳಿ ಮುಳ್ಳು ತೋರಿಸಿ ಎಷ್ಟೇ ನೆಂಟಸ್ತಿಕೆ ಹೇಳಿಕೊಂಡರೂ ಅದು ಯುಫೋರ್ಬಿಯಾ ಮನೆತನದ್ದು, ಕ್ಯಾಕ್ಟಸ್ ಜೊತೆ ಕೂಡುವುದಿಲ್ಲ. ಅದರ ಹಾಲು ಕಣ್ಣಿಗೆ ಬಿದ್ದರೆ ಡಾಕ್ಟರ ಬಳಿ ಓಡಬೇಕು. (ಈ ವಾಕ್ಯದಲ್ಲಿ ಪಾಂಡಿತ್ಯವಿಲ್ಲ, ನಿಜವಿದೆ.) ಅಮೆರಿಕದಿಂದ ಬಂದು ಊರು ತುಂಬಿದ ಪಾಪಾಸುಕಳ್ಳಿ ಮಾತ್ರ ಅಸಲಿ ಸಗೋತ್ರಿ.

ಲಗ್ನವಿಧಿ ಹೀಗಿದೆ. ಮಳೆಗಾಲದಲ್ಲಿ ಮುಹೂರ್ತವಿಲ್ಲ, ಗಾಯ ಕೊಳೆಯುತ್ತದೆ. ಹರಿತವಾದ ಬ್ಲೇಡನ್ನು ಸ್ಪಿರಿಟ್ಟಿನಿಂದ ಒರೆಸಿ ಕೋಲಿನ ತಲೆಯನ್ನು ಒಂದೇ ಏಟಿಗೆ ಅಡ್ಡಡ್ಡ ಕತ್ತರಿಸಿ. ಮೂರು ಮೂಲೆಯ ಅಂಚುಗಳನ್ನೂ ಓರೆಯಾಗಿ ಸವರಿ. ಇಲ್ಲದಿದ್ದರೆ ಕತ್ತರಿಸಿದ ಮುಖ ಒಣಗುತ್ತ ಬಟ್ಟಲಿನಂತೆ ಕುಸಿದು ಅಳಿಯನನ್ನು ಮೇಲಕ್ಕೆ ದೂಡುತ್ತದೆ. ಈಗ ಕನ್ನಡಕ ಹಾಕಿಕೊಳ್ಳಿ. ತೇವ ಒಸರುವ ತಿರುಳಿನ ನಡುವೆ ಸಣ್ಣದೊಂದು ಬಳೆ ಕಾಣುತ್ತದೆ. ಉಂಡೆಯ ಬುಡವನ್ನು ಕತ್ತರಿಸಿದರೆ ಅಲ್ಲೂ ಅಂಥದೇ ಬಳೆ. ನೀರು, ಆಹಾರ ಹರಿಯುವುದು ಇದರಲ್ಲೇ. ಅಳತೆ ಹೊಂದದಿದ್ದರೆ ಉಂಡೆಯನ್ನು ತುಸು ಪಕ್ಕಕ್ಕೆ ಸರಿಸಿಯಾದರೂ ಬಳೆಗೆ ಬಳೆ ತಾಗಿಸಬೇಕು. ನಡುವೆ ಗಾಳಿ ನಿಲ್ಲದಂತೆ ಒತ್ತಿ, ಕುಂಡದ ತಳದಿಂದ ಉಂಡೆಯ ನೆತ್ತಿಗೆ ರಬ್ಬರ್ ಬ್ಯಾಂಡ್ ಎಳೆದು ಕಟ್ಟುವುದೇ ಮಾಂಗಲ್ಯಧಾರಣೆ. ಕೊತ್ತಂಬರಿ ಕಟ್ಟಿಗೆ ಬಂದ ಬ್ಯಾಂಡಾದರೂ ಶಾಸ್ತ್ರಕ್ಕೆ ವಿರೋಧವಿಲ್ಲ. ಒಂದು ವಾರ, ಹತ್ತು ದಿನ ನೆರಳಲ್ಲಿಡಿ. ಗಾಯಕ್ಕೆ ಹನಿ ನೀರೂ ಸೋಕಬಾರದು.

ವಿಚ್ಛೇದನಕ್ಕೆ ಮುಖ್ಯ ಕಾರಣ ಮನೆಯವರ ಪ್ರೀತಿ. ‘ಪಾಪ, ಬಾಯಾರಿರುತ್ತೆ’ ಎಂದು ದಿನಾ ಚೊಂಬು ಹಿಡಿದು ಬರುವ ಹಿರಿಯರಿಂದ ಸತ್ತಷ್ಟು ಕಳ್ಳಿ ಬರದಿಂದ ಸತ್ತಿಲ್ಲ ಎಂಬುದು ಪ್ರಬಂಧಕಾರನ ದೃಢಮತ.

ನೀರಿನಿಂದ ಪಾರಾದರೂ ಮಾವ-ಅಳಿಯ ಬೆಳೆಯುವ ವೇಗ ಬೇರೆಬೇರೆ. ಕೆಲವೇ ವರ್ಷಗಳಲ್ಲಿ ಸಂಬಂಧ ಸಡಿಲವಾಗುತ್ತದೆ. ಆದಕಾರಣ ಉಂಡೆಯ ಮೈಮೇಲೆ ಮರಿ ಮೂಡಿ ದಪ್ಪವಾದೊಡನೆ ಒಂದೆರಡನ್ನು ಬಿಡಿಸಿ, ಗಟ್ಟಿಮುಟ್ಟಾದ ಹೊಸ ಮಾವನನ್ನು ಹುಡುಕಿ ಕೂರಿಸಬೇಕಾಗಿ ಓದುಗ ಮಹಾಶಯರಲ್ಲಿ ವಿನಂತಿ.