ಕಲ್ಲಿದ್ದಲ ಹೊಗೆಗೂಡಿನ ಶುಚೀಕರಣದ ಆವರ್ತನೀಯತೆ: ಒಂದು ಬಹುಶಿಸ್ತೀಯ ಮರುಚಿಂತನೆ

1. ಪ್ರಸ್ತಾವನೆ

ಮನೆ ಬೆಚ್ಚಗಿಡಲು ಕಲ್ಲಿದ್ದಲು ಉರಿಸುವವರು ಹೊಗೆಗೂಡನ್ನು ಎಷ್ಟು ದಿನಕ್ಕೊಮ್ಮೆ ಗುಡಿಸಬೇಕು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸರಳವಾಗಿದೆ. ಮೇಲ್ನೋಟಕ್ಕೆ ಸರಳವಾದುದನ್ನು ಒಳನೋಟದಿಂದ ಗೋಜಲು ಮಾಡುವುದೇ ಸಂಶೋಧನೆಯ ಪರಮಧರ್ಮವಾದ್ದರಿಂದ, ಪ್ರಸ್ತುತ ಪ್ರಬಂಧವು ಸದರಿ ಪ್ರಶ್ನೆಗೆ ಉತ್ತರಿಸುವ ಉಸಾಬರಿಗೆ ಹೋಗುವುದಿಲ್ಲ. ಬದಲಾಗಿ ಅದನ್ನು ‘ಶುಚೀಕರಣದ ಆವರ್ತನೀಯತೆಯ ಸಂಕಥನ’ವೆಂದು ಗುರುತಿಸಿ, ಅದರ ನೆಲೆ, ಬೆಲೆ, ಸೆಲೆಗಳನ್ನೂ, ಕಾಲಾವಕಾಶವಿದ್ದರೆ ಅಲೆಗಳನ್ನೂ ಶೋಧಿಸುತ್ತದೆ.

ಅಧ್ಯಯನದ ವ್ಯಾಪ್ತಿ ಬ್ರಿಟನ್. ಕಾರಣ ಸೈದ್ಧಾಂತಿಕವಾದುದು: ನನ್ನ ಅಕ್ಕ–ಭಾವ ಇರುವುದು ದಕ್ಷಿಣ ವೇಲ್ಸಿನಲ್ಲಿ. ಕ್ಷೇತ್ರಕಾರ್ಯ ಹನ್ನೆರಡು ದಿನ. ಅದರಲ್ಲಿ ಒಂಬತ್ತು ದಿನ ರಜಾಯಿಯೊಳಗೆ ನಡೆಯಿತು.

2. ಪರಿಕಲ್ಪನಾತ್ಮಕ ಚೌಕಟ್ಟು

ಹೊಗೆಗೂಡು ಎಂದರೆ ಚಿಮಣಿ. ಚಿಮಣಿ ಎಂದರೇನು? ಉತ್ತರ ಕರ್ನಾಟಕದಲ್ಲಿ ಚಿಮಣಿ ಎಂದರೆ ಬುಡ್ಡಿದೀಪ, ಚಿಮಣಿ ಎಣ್ಣೆ ಎಂದರೆ ಸೀಮೆಎಣ್ಣೆ. ಗಡಿ ದಾಟಿ ಮರಾಠಿಗೆ ಕಾಲಿಟ್ಟರೆ ಚಿಮಣಿ ಗುಬ್ಬಚ್ಚಿಯಾಗಿ ಹಾರುತ್ತದೆ. ಬೆಂಗಳೂರಿನ ಫ್ಲಾಟುಗಳಲ್ಲಿ ಒಗ್ಗರಣೆಯ ಘಾಟನ್ನು ಗುರ್ ಎಂದು ಎಳೆದುಕೊಳ್ಳುವ ಪೆಟ್ಟಿಗೆ. ಹೀಗೆ ದೀಪ, ಹಕ್ಕಿ, ಪೆಟ್ಟಿಗೆ ಎಂಬ ತ್ರಿವಿಧ ಅಸ್ಮಿತೆಗಳ ನಡುವೆ ತುಯ್ದಾಡುವ ವಸ್ತುವನ್ನು ಗುಡಿಸುವುದಾದರೂ ಹೇಗೆ? ಗುಡಿಸುವ ‘ಕರ್ತೃ’ ಯಾರು, ಗುಡಿಸಿಕೊಳ್ಳುವ ‘ಅನ್ಯ’ ಯಾರು?

ಓದುಗರು ಉತ್ಪ್ರೇಕ್ಷೆ ಎನ್ನಬಾರದು. ಮಲೆನಾಡಿನ ಒಂದು ಊರಲ್ಲಿ ‘ಒಲೆ ಮತ್ತು ಸಂಸ್ಕೃತಿ’ ಎಂಬ ವಿಚಾರ ಸಂಕಿರಣದಲ್ಲಿ ಎರಡು ದಿನ ಕೂತು ಬಂದವನು ನಾನು. ಒಬ್ಬರು ‘ಒಲೆ’ ಮತ್ತು ‘ಒಲವು’ಗಳ ಧಾತು ಒಂದೇ ಎಂದು ನಲವತ್ತು ನಿಮಿಷ ಸಾಧಿಸಿದರು. ಕೊನೆಯ ಸಾಲಿನಿಂದ ಒಬ್ಬ ಹೆಂಗಸು ಎದ್ದು, “ಸಾರ್, ನಮ್ಮನೇಲಿ ಹೊಗೆ ಇಲ್ಲದ ಒಲೆ ಹಾಕಿಸಿದೀವಿ. ಪೈಪು ಕಟ್ಕೊಂಡು ಹೊಗೆಯೆಲ್ಲ ಒಳಗೇ ತುಂಬ್ತದೆ. ಎಷ್ಟು ದಿನಕ್ಕೊಂದ್ಸಲ ಅದನ್ನ ಕ್ಲೀನ್ ಮಾಡ್ಬೇಕು?” ಎಂದು ಕೇಳಿದರು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು, “ಬಹಳ ಮಹತ್ವದ ಪ್ರಶ್ನೆ. ಇದು ಮುಂದಿನ ದಿನಗಳಲ್ಲಿ ವ್ಯಾಪಕವಾಗಿ ಚರ್ಚೆಯಾಗಬೇಕು” ಎಂದರು. ಆಮೇಲೆ ಊಟ. ಹೋಳಿಗೆ ಇತ್ತು.

ಈ ಪ್ರಬಂಧ ಹುಟ್ಟಿದ್ದು ಆ ಹೋಳಿಗೆ ತಿನ್ನುವಾಗ.

2.1 ಇಂಧನದ ವರ್ಗೀಕರಣ

ಕಲ್ಲಿದ್ದಲನ್ನು ‘ಸ್ನಿಗ್ಧ’ ಮತ್ತು ‘ರೂಕ್ಷ’ ಎಂದು ಎರಡಾಗಿ ವಿಂಗಡಿಸಬಹುದು. ಸ್ನಿಗ್ಧವೆಂದರೆ ಬಿಟುಮಿನಸ್, ಬ್ರಿಟನ್ನಿನವರು ಮನೆಕಲ್ಲಿದ್ದಲು ಎನ್ನುವುದು. ಇದರಲ್ಲಿ ಡಾಂಬರಿನಂಥ ಅಂಶ ಹೆಚ್ಚು. ಹಳದಿ ಜ್ವಾಲೆ, ದಟ್ಟ ಹೊಗೆ, ಗೂಡಿನ ಗೋಡೆಗೆ ಅಂಟುವ ಮಸಿ. ಆ ಮಸಿಯೇ ಒಂದು ದಿನ ಹೊತ್ತಿಕೊಂಡು ಗೂಡೇ ಒಲೆಯಾಗುವುದುಂಟು. ರೂಕ್ಷವೆಂದರೆ ಆಂಥ್ರಸೈಟ್. ದಕ್ಷಿಣ ವೇಲ್ಸ್ ಇದಕ್ಕೆ ಹೆಸರುವಾಸಿ. ಬಹುಪಾಲು ಶುದ್ಧ ಇಂಗಾಲ. ಹೊತ್ತಿಸುವುದರೊಳಗೆ ಸಾಕುಬೇಕಾಗುತ್ತದೆ, ಹೊತ್ತಿದ ಮೇಲೆ ಹೊಗೆಯೇ ಕಾಣದು. ಆದರೆ ನುಣ್ಣನೆ ಬೂದಿ ಹಾರಿ ಕೊಳವೆಯ ತಿರುವಿನಲ್ಲಿ ಕೂರುತ್ತದೆ. ಬೇಸಿಗೆಯಲ್ಲಿ ಒಲೆ ತಣ್ಣಗಿದ್ದಾಗ ಆ ಬೂದಿಯೊಳಗಿನ ಗಂಧಕಕ್ಕೆ ತೇವ ಸೇರಿ ಆಮ್ಲವಾಗಿ ಕಬ್ಬಿಣವನ್ನು ತಿನ್ನುತ್ತದೆ. ಆದ್ದರಿಂದಲೇ ಚಳಿಗಾಲ ಮುಗಿದ ಕೂಡಲೇ ಗುಡಿಸಬೇಕು, ಮುಂದಿನ ಚಳಿ ಬರಲಿ ಎಂದು ಕಾಯಬಾರದು.

ಛೆ, ಉಪಯುಕ್ತ ಮಾಹಿತಿ ನುಸುಳಿಬಿಟ್ಟಿತು. ವಿದ್ವಾಂಸರು ಮನ್ನಿಸಬೇಕು.

2.1.ಅ ಮಸಿಯ ಪ್ರಭೇದಗಳು

ಮಸಿ ಒಂಬತ್ತು ವಿಧ. ಮೊದಲನೆಯದು ಇಲ್ಲಣ: ಜೇಡರಬಲೆಗೆ ಹತ್ತಿ ಅಟ್ಟದಿಂದ ಜೋತಾಡುವುದು. ಎರಡನೆಯದು ಪಾತ್ರೆಯ ತಳದ್ದು. ಮೂರನೆಯದು... ಬೇಡ ಬಿಡಿ. ಕರಿ ಕರಿಯೇ. ಗೂಡು ಕಟ್ಟಿಕೊಂಡರೆ ಕಾರ್ಬನ್ ಮಾನಾಕ್ಸೈಡ್ ಕೋಣೆಗೆ ತಿರುಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ. ನಮ್ಮ ಹುಡುಗರು ಸತ್ತವನನ್ನು ‘ಹೊಗೆ ಹಾಕಿಸ್ಕೊಂಡ’ ಎನ್ನುವಾಗ ಇಷ್ಟು ಅಕ್ಷರಶಃ ಹೇಳಿರಲಾರರು.

3. ಐತಿಹಾಸಿಕ ನೋಟ

ಇಲ್ಲಿ ಆವರ್ತನೀಯತೆ ಎಂಬ ಪದ ನಿಜಕ್ಕೂ ಬೇಕಾಗುತ್ತದೆ, ಗುಡಿಸುವುದಕ್ಕಲ್ಲ, ಕಾಯಿದೆಗಳಿಗೆ: 1788, 1834, 1840, 1864, 1875.

1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಹೊಗೆಗೂಡು ಗುಡಿಸುವವರ ವೃಷಣಚೀಲಕ್ಕೆ ತಗಲುವ ಕ್ಯಾನ್ಸರಿಗೆ ಮಸಿಯೇ ಮೂಲವೆಂದು ಬರೆದ. ಕಸುಬಿನಿಂದ ಕ್ಯಾನ್ಸರ್ ಬರುತ್ತದೆಂದು ಜಗತ್ತಿಗೆ ಗೊತ್ತಾದದ್ದು ಹಾಗೆ. ಆ ಕಸುಬಿಗೆ ಇಳಿಸುತ್ತಿದ್ದುದು ಮಕ್ಕಳನ್ನು. ಗೂಡಿನ ಒಳಅಳತೆ ಹದಿನಾಲ್ಕು ಇಂಚಿಗೆ ಒಂಬತ್ತು. ಇನ್ನೂ ಕಿರಿದಾದವೂ ಇದ್ದವು. ಐದಾರು ವರ್ಷದವನು ಸಿಕ್ಕರೆ ಯಜಮಾನನಿಗೆ ಸಲೀಸು. ಮೊಣಕೈ ಮೊಣಕಾಲು ಕಿತ್ತುಹೋದರೆ ಉಪ್ಪುನೀರು ತಿಕ್ಕಿ, ಬೆಂಕಿಯೆದುರು ನಿಲ್ಲಿಸಿ ಚರ್ಮ ಗಟ್ಟಿಮಾಡುತ್ತಿದ್ದರು. ಹಗಲು ಮಸಿ ತುಂಬಿದ ಗೋಣಿಯೇ ರಾತ್ರಿ ಹೊದಿಕೆ.

1788ರ ಕಾಯಿದೆ ಎಂಟು ವರ್ಷದೊಳಗಿನವರು ಬೇಡವೆಂದಿತು. ಹುಡುಗನ ಟೋಪಿಗೆ ಯಜಮಾನನ ಹೆಸರಿನ ಹಿತ್ತಾಳೆ ಬಿಲ್ಲೆ ಇರಲಿ ಎಂದಿತು. ಬಿಲ್ಲೆ! 1834ರದ್ದು ಹುಡುಗ ತಾನೇ ಒಪ್ಪಿ ಬಂದಿದ್ದಾನೋ ಎಂದು ಮ್ಯಾಜಿಸ್ಟ್ರೇಟರ ಮುಂದೆ ಕೇಳಿಸಿತು. 1840ರದ್ದು ಇಪ್ಪತ್ತೊಂದರೊಳಗಿನ ಯಾರೂ ಹತ್ತಕೂಡದೆಂದಿತು. ಯಾರೂ ಕೇಳಲಿಲ್ಲ. 1864ರಲ್ಲಿ ಶಿಕ್ಷೆ ಬಿಗಿಮಾಡಿದರು. ಆಗಲೂ ಕೇಳಲಿಲ್ಲ.

ಬ್ರಷ್ ಇರಲಿಲ್ಲವೇ? ಇತ್ತು. ಜಾರ್ಜ್ ಸ್ಮಾರ್ಟ್ ಎಂಬವನು 1803ರಲ್ಲೇ ಪೊಳ್ಳು ಕೋಲುಗಳೊಳಗೆ ಹಗ್ಗ ಪೋಣಿಸಿ ಮೇಲಕ್ಕೆ ತಳ್ಳುವ ಬ್ರಷ್ ಮಾಡಿಟ್ಟಿದ್ದ. ಗೂಡಿನ ತಿರುವಿಗೆ ಅದು ಹೋಗದು ಎಂದರು ದೊಡ್ಡ ಮನೆಯವರು. ತಿರುವನ್ನು ಸರಿಪಡಿಸಲು ಗಾರೆಯವನಿಗೆ ಕೂಲಿ ಕೊಡಬೇಕು. ಹುಡುಗ ಅಗ್ಗ.

ಎಪ್ಪತ್ತೆರಡು ವರ್ಷ. ಬ್ರಷ್ ಅಂಗಡಿಯಲ್ಲಿತ್ತು, ಮಾತು ಸಭೆಯಲ್ಲಿತ್ತು, ಹುಡುಗರು ಗೂಡಿನಲ್ಲಿದ್ದರು. 1875ರ ಫೆಬ್ರವರಿಯಲ್ಲಿ ಕೇಂಬ್ರಿಜ್ ಬಳಿಯ ಫುಲ್‌ಬರ್ನ್ ಆಸ್ಪತ್ರೆಯ ಗೂಡಿನಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಹನ್ನೊಂದು–ಹನ್ನೆರಡರ ಹುಡುಗ ಸಿಕ್ಕಿಕೊಂಡ. ಗೋಡೆ ಒಡೆದು ತೆಗೆದರು. ಸ್ವಲ್ಪ ಹೊತ್ತಿಗೆ ಸತ್ತ. ಅದೇ ವರ್ಷ, ಗುಡಿಸುವವರು ಪೊಲೀಸರಿಂದ ಪರವಾನಗಿ ಪಡೆಯಬೇಕೆಂಬ ಕಾಯಿದೆ ಬಂತು, ಹುಡುಗರು ಕೆಳಗಿಳಿದರು. ಇಷ್ಟು ಸಣ್ಣ ಕೆಲಸಕ್ಕೆ ಎಂಬತ್ತೇಳು ವರ್ಷ ವ್ಯಾಪಕವಾಗಿ ಚರ್ಚೆಯಾಯಿತು. ಮಲ ಬಾಚಲು ಮನುಷ್ಯರನ್ನು ಇಳಿಸಬಾರದೆಂದು 1993ರಲ್ಲೊಂದು, 2013ರಲ್ಲೊಂದು ಕಾಯಿದೆ ಮಾಡಿಕೊಂಡಿರುವ ನಾವು ನಗುವ ಸ್ಥಿತಿಯಲ್ಲೇನೂ ಇಲ್ಲ.

ಈ ವಿಭಾಗಕ್ಕೆ 3.1, 3.2 ಎಂದು ಹೆಸರಿಡಬೇಕಿತ್ತು. ಮನಸ್ಸು ಬರಲಿಲ್ಲ.

ಉಳಿದದ್ದು ಕ್ಷೇತ್ರಕಾರ್ಯದ ಒಂದು ಬೆಳಗ್ಗೆ. ಏಪ್ರಿಲ್. ಅಕ್ಕನ ಮನೆಯ ಗೂಡು ಗುಡಿಸಲು ಒಬ್ಬಾತ ಬಂದ, ಅರವತ್ತರ ಆಸುಪಾಸು, ಉಗುರುಸಂದಿಗಳೆಲ್ಲ ಕಪ್ಪು. ನೆಲಕ್ಕೆ ಬಟ್ಟೆ ಹಾಸಿ, ಒಲೆಯ ಬಾಯಿಗೆ ಇನ್ನೊಂದು ಬಟ್ಟೆ ಬಿಗಿದು, ಕೋಲಿಗೆ ಕೋಲು ತಿರುಚಿ ಸೇರಿಸುತ್ತ ಬ್ರಷ್ ಮೇಲಕ್ಕೆ ತಳ್ಳತೊಡಗಿದ. ಟೀ ಕೊಟ್ಟ ಭಾವನ ಮೂಲಕ ನಾನು ನನ್ನ ಪ್ರಬಂಧದ ಕೇಂದ್ರ ಸಮಸ್ಯೆಯನ್ನು ಮುಂದಿಟ್ಟೆ. ಆತ ಕೋಲು ನಿಲ್ಲಿಸಲೂ ಇಲ್ಲ.

“ನೀವು ಉರಿಸೋ ಆಂಥ್ರಸೈಟಿಗೆ ವರ್ಷಕ್ಕೊಂದು ಸಲ ಸಾಕು. ಮನೆಕಲ್ಲಿದ್ದಲಾದರೆ ಎರಡು ಸಲ. ಸೌದೆ ಉರಿಸ್ತಿದ್ದರೆ ಮೂರು ತಿಂಗಳಿಗೊಮ್ಮೆ.”

ಅಷ್ಟೇ. ಒಂದು ಉಸಿರಿಗೆ ಮುಗಿಯಿತು. ಮಲೆನಾಡಿನ ಆ ಹೆಂಗಸಿನ ಒಲೆಯ ಸೌದೆಯೂ ಅದರಲ್ಲೇ ಇತ್ತು. ಅವರ ಹೆಸರು, ಊರು ಏನನ್ನೂ ನಾನು ಕೇಳಿಟ್ಟುಕೊಂಡಿರಲಿಲ್ಲ. ಹೋಳಿಗೆಗೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿಸಿಕೊಳ್ಳುವುದರಲ್ಲಿದ್ದೆ.

ಆಮೇಲೆ ಆತ ನನ್ನತ್ತ ಏನೋ ಹೇಳಿದ. “ಹೊರಗೆ ಹೋಗಿ ನೋಡ್ಬೇಕಂತೆ, ಬ್ರಷ್ ಮೇಲೆ ಬಂತಾ ಅಂತ” ಎಂದರು ಭಾವ. ಮಂಕಿಕ್ಯಾಪ್ ಹಾಕಿಕೊಂಡು ರಸ್ತೆಯಂಚಿಗೆ ಹೋಗಿ ಕತ್ತೆತ್ತಿ ನಿಂತೆ. ಸ್ಲೇಟಿನ ಮಾಡು, ಅದರ ಮೇಲೆ ಕೆಂಪುಮಣ್ಣಿನ ಕುಂಡದಂಥ ಗೂಡಿನ ಬಾಯಿ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಒಳಗಿಂದ ಕಪ್ಪಗೆ, ದುಂಡಗೆ, ಕೆದರಿದ ಕೂದಲಿನ ತಲೆಯಂಥದೊಂದು ಹೊರಬಂದು ಅಲ್ಲಾಡಿತು.

“ಬಂತು! ಬಂತು!” ಎಂದು ಕನ್ನಡದಲ್ಲೇ ಕೂಗಿದೆ. ಎದುರುಮನೆಯ ಪರದೆ ಸರಿಯಿತು. ತಲೆ ಇನ್ನೊಂದು ಸುತ್ತು ತಿರುಗಿ ಒಳಕ್ಕಿಳಿಯಿತು.

ಅಕ್ಕ ಬಾಗಿಲಿಂದ ಕರೆದಳು, “ನೋಡಾಯ್ತಲ್ಲ, ಒಳಗೆ ಬಾರೋ.”