ಕೂಡಿಸಿದ್ದೂ ಅಭಿವೃದ್ಧಿಗೆ, ಒಡೆದದ್ದೂ ಅಭಿವೃದ್ಧಿಗೆ

2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿ ಬಿಬಿಎಂಪಿ ಕಟ್ಟಿದರು. ಹಂಚಿಹೋದ ಆಡಳಿತ ಒಂದೇ ಸೂರಿನಡಿ ಬಂದರೆ ಕೆಲಸ ಚುರುಕಾಗುತ್ತದೆ ಎಂದರು. 2025ರ ಸೆಪ್ಟೆಂಬರ್ 2ರಂದು ಅದೇ ಬಿಬಿಎಂಪಿಯನ್ನು ಐದು ಹೋಳು ಮಾಡಿದರು. ಒಂದೇ ಸೂರಿನಡಿ ಕೂತ ಆಡಳಿತ ಹಂಚಿಹೋದರೆ ಕೆಲಸ ಚುರುಕಾಗುತ್ತದಂತೆ. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ, ನಡುವೆ ಕೇಂದ್ರ. ದಿಕ್ಕುಗಳು ನಾಲ್ಕೇ ಇದ್ದದ್ದು ಬೊಕ್ಕಸದ ಪುಣ್ಯ.

ವಿಕೇಂದ್ರೀಕರಣವೇನೋ ಸಾಂಗವಾಗಿ ಆಯಿತು. ಐದೂ ಪಾಲಿಕೆಗಳ ನೆತ್ತಿಯ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು.

ದೆಹಲಿಯವರು ಇದೇ ಆಟವನ್ನು ತಿರುಗಾಮುರುಗಾ ಆಡಿ ಮುಗಿಸಿದ್ದಾರೆ. 2012ರಲ್ಲಿ ಪಾಲಿಕೆಯನ್ನು ಮೂರಾಗಿ ಸೀಳಿದರು. ತೆರಿಗೆ ಕಟ್ಟುವ ಬಡಾವಣೆಗಳು ದಕ್ಷಿಣದ ಪಾಲಾದವು. ಪೂರ್ವದ ಪಾಲಿಗೆ ಸಂಬಳ ಸಿಗದ ಪೌರಕಾರ್ಮಿಕರು, ಬೀದಿಯಲ್ಲಿ ಕಸದ ಗುಡ್ಡೆ. 2022ರಲ್ಲಿ ಮೂರನ್ನೂ ಮತ್ತೆ ಹೊಲಿದು ಒಂದು ಮಾಡಿದರು. ಅವರು ಸೂಜಿ ಕೆಳಗಿಟ್ಟ ಮೂರೇ ವರ್ಷಕ್ಕೆ ನಾವು ಕತ್ತರಿ ಎತ್ತಿಕೊಂಡೆವು. ಮಹದೇವಪುರದ ಟೆಕ್‌ಪಾರ್ಕುಗಳು ಪೂರ್ವ ಪಾಲಿಕೆಗೆ ಹೋಗಿವೆ. ಉಳಿದ ನಾಲ್ವರು ಆಸ್ತಿ ತೆರಿಗೆಯ ಲೆಕ್ಕ ನೋಡಿ ಸಹೋದರತ್ವ ಬೆಳೆಸಿಕೊಳ್ಳಬೇಕು.

ಇದರ ಮಧ್ಯೆ ಚುನಾವಣೆ ಎಂಬ ಚಿಲ್ಲರೆ ವಿಷಯವೊಂದಿತ್ತು. ಕಾರ್ಪೊರೇಟರುಗಳು 2020ರ ಸೆಪ್ಟೆಂಬರ್‌ನಲ್ಲೇ ಮನೆಗೆ ಹೋದರು. ಆಮೇಲೆ ಐದು ವರ್ಷ ಮತಪೆಟ್ಟಿಗೆ ಹೊರಬರಲಿಲ್ಲ. ಹಾಗಂತ ಯಾರೂ ಸುಮ್ಮನೆ ಕೂತಿರಲಿಲ್ಲ: 198 ಇದ್ದ ವಾರ್ಡುಗಳನ್ನು ಬಿಜೆಪಿ ಸರ್ಕಾರ 243 ಮಾಡಿತು, ಕಾಂಗ್ರೆಸ್ ಸರ್ಕಾರ 225ಕ್ಕೆ ಇಳಿಸಿತು, ಐದು ಪಾಲಿಕೆಗಳಾದ ಮೇಲೆ 369ಕ್ಕೆ ಏರಿಸಿತು. ಹಿಂದಿನವರು ಎಳೆದ ಗೆರೆ ಅಳಿಸುವ ವಿಷಯದಲ್ಲಿ ಮಾತ್ರ ನಮ್ಮ ಪಕ್ಷಗಳಲ್ಲಿ ಭಿನ್ನಮತವಿಲ್ಲ.

ಇನ್ನೂ ಹಿಂದೆ ಹೋಗಲು ದಾರಿ ಧಾರಾಳವಾಗಿದೆ. 1949ಕ್ಕೆ ಮೊದಲು ಪೇಟೆಗೊಂದು, ದಂಡಿಗೊಂದು ಮುನಿಸಿಪಾಲಿಟಿ ಇದ್ದವು. ಮುಂದಿನ ಸರ್ಕಾರ ಏನು ಸುಧಾರಿಸಬೇಕೆಂದು ತಲೆ ಕೆಡಿಸಿಕೊಳ್ಳಬೇಕಿಲ್ಲ, ಹಳೆಯ ನಕ್ಷೆ ತೆಗೆದು ಧೂಳು ಕೊಡವಿದರೆ ಸಾಕು.

ಆ 110 ಹಳ್ಳಿಗಳ ಕಥೆ ಕೇಳಿ. 2007ರಲ್ಲಿ ನಗರಕ್ಕೆ ಸೇರಿದವರಿಗೆ ನೀರು ಕೊಡುವ ಕಾವೇರಿ ಐದನೇ ಹಂತದ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಅದಕ್ಕೆ ವರ್ಷ ತುಂಬುವುದರೊಳಗೆ ಅವರು ಸೇರಿದ್ದ ಪಾಲಿಕೆಯೇ ಇಲ್ಲವಾಯಿತು.